ತೊಟ್ಟಿಯ ಉಪ್ಪು ನೋಡಿದ ನಾಲಿಗೆ

ಕಳೆದ ಸೋಮವಾರ ಮಧ್ಯಾಹ್ನ ಹುಣಸೂರಿನ ಆಚೆ, ಒಂದು ಕಾರ್ಖಾನೆಯ ಬೇವಿನ ಮರದ ಕೆಳಗೆ ನಡೆದ ಸಂಗತಿಯನ್ನು ನಾಡಿನ ಗಮನಕ್ಕೆ ತರಲೇಬೇಕಾಗಿದೆ. ಉಪ್ಸಾರಿಗೆ ಉಪ್ಪು ಜಾಸ್ತಿಯಾಗಿತ್ತು. ಒಂದು ಕಲ್ಲು ಮುಂದಾಗಿತ್ತು ಎನ್ನುವಷ್ಟಲ್ಲ, ಮುದ್ದೆಯ ಮೊದಲ ತುತ್ತಿಗೇ ಕಣ್ಣಂಚು ಒದ್ದೆಯಾಗುವಷ್ಟು. ಸುತ್ತ ಕೂತಿದ್ದ ಐವರೂ ಉಂಡರು. ಯಾರೂ ಚಕಾರ ಎತ್ತಲಿಲ್ಲ. ಒಬ್ಬರಂತೂ ಇನ್ನೊಂದು ಸೌಟು ಹಾಕಿಸಿಕೊಂಡರು. ಇಂಥ ವಿಷಯಗಳಿಗೆ ವಿಚಾರಣಾ ಆಯೋಗ ನೇಮಿಸುವ ಪದ್ಧತಿ ಇನ್ನೂ ಬಂದಿಲ್ಲವಾದ್ದರಿಂದ ಭಾನುವಾರದ ಈ ಪುಟವೇ ಗತಿ.

ಸಾರು ತಂದಿದ್ದವರು ಸರ್ವಮಂಗಳ. ಐವತ್ತರ ಹತ್ತಿರದ ವಯಸ್ಸು, ಬೆಟ್ಟದಪುರದ ಮಗ್ಗುಲಿನ ಹಳ್ಳಿ. ಬೆಳಗಿನ ಆರು ಗಂಟೆಗೆ ಕಾರ್ಖಾನೆಯ ವ್ಯಾನು ಅವರನ್ನು ಗೇಟಿನಲ್ಲಿ ಇಳಿಸುತ್ತದೆ. ಸೀರೆಯ ಮೇಲೆ ಗಂಡಸರ ತುಂಬುತೋಳಿನ ಶರ್ಟು, ತಲೆಗೆ ಟವೆಲು, ಟವೆಲಿನ ಮೇಲೆ ಹಳದಿ ಹೆಲ್ಮೆಟ್ಟು. ರಾತ್ರಿ ಪಾಳಿಯವರು ಸುಲಿದಿಟ್ಟ ಸತುವಿನ ಹಾಳೆಗಳು ಶೆಡ್ಡಿನ ನೆಲದ ಮೇಲೆ ರಾಶಿ ಬಿದ್ದಿರುತ್ತವೆ. ಮಂಕು ಬೆಳ್ಳಿಯ ಬಣ್ಣ, ಸುಟ್ಟ ಹಪ್ಪಳದಂತೆ ಸೊಟ್ಟ ಅಂಚು. ಅವನ್ನು ಒಂದರ ಮೇಲೊಂದು ಪೇರಿಸಿ, ಅಂಚು ಕೂಡಿಸಿ, ಕಬ್ಬಿಣದ ಪಟ್ಟಿ ಬಿಗಿದು ಕಟ್ಟು ಮಾಡುವುದು ಈಗ ಅವರ ಕೆಲಸ. ಪ್ರತಿ ಕಟ್ಟು ಮುಗಿದಾಗಲೂ ಸೊಂಟ ನೆಟ್ಟಗೆ ಮಾಡಿಕೊಂಡು ಅಂಗಳದ ಆ ಬದಿಗೆ ನೋಡುತ್ತಾರೆ. ಆ ಬದಿಯಲ್ಲಿ ತೊಳೆಯುವ ತೊಟ್ಟಿ ಇದೆ. ಬೆಳಗಿನ ಚಳಿಗೆ ಅದರಿಂದ ಬಿಸಿನೀರಿನ ಆವಿ ಏಳುತ್ತಿರುತ್ತದೆ.

“ಏನ್ ಮಂಗ್ಳವ್ವ, ಏನ್ ತಂದಿದ್ದೀಯೆ ಇವತ್ತು?” ಎಂದು ಕೇಳುತ್ತ ಅಂಕಯ್ಯ ಹಾದುಹೋಗುತ್ತಾರೆ. ಒಂದು ಕೈಯಲ್ಲಿ ಉಳಿ, ಇನ್ನೊಂದರಲ್ಲಿ ಸುತ್ತಿಗೆ. ಹಲಗೆಯಿಂದ ಸತು ಸುಲಿಯುವವರಲ್ಲಿ ಅವರೇ ಹಿರಿಯರು.

“ಉಪ್ಸಾರು ಕಣಣ್ಣ. ದಂಟಿನ ಸೊಪ್ಪಿಂದು.”

“ತತ್ತಾ ತತ್ತಾ. ನಮ್ಮನೇಲಿ ಬರೀ ಸಪ್ಪೆ ಮಾಡಾಕ್ತವ್ಳೆ.”

ಅಂಕಯ್ಯನವರ ಮನೆಯಲ್ಲಿ ಸಪ್ಪೆ ಮಾಡುವುದಿಲ್ಲ. ಆ ಸುಳ್ಳಿನ ಹಿಂದೆ ಒಂದು ಕತೆಯಿದೆ. ಅದಕ್ಕೆ ಮುಂಚೆ ಈ ಕಾರ್ಖಾನೆಯಲ್ಲಿ ಏನು ನಡೆಯುತ್ತದೆ ಎಂದು ಹೇಳಬೇಕು.

ಉಕ್ಕಿನ ಕುಲುಮೆಗಳಲ್ಲಿ ಗುಜರಿ ಕರಗಿಸುತ್ತಾರೆ. ತುಕ್ಕು ಹಿಡಿದ ಶೀಟು, ತೂತು ಬಕೆಟ್ಟು, ಬೇಲಿ ತಂತಿ ಎಲ್ಲ ಅದರೊಳಕ್ಕೆ. ಇವುಗಳ ಮೈಗೆ ಬಳಿದ ಸತು, ಕಬ್ಬಿಣ ಕರಗುವ ಮೊದಲೇ ಆವಿಯಾಗಿ ಹೊಗೆಯ ಜತೆ ಹೊರಡುತ್ತದೆ. ಆ ಹೊಗೆಯನ್ನು ಬಟ್ಟೆಯ ಚೀಲಗಳಲ್ಲಿ ಸೋಸಿದರೆ ಸಿಗುವುದು ಕಂದು ಬಣ್ಣದ ಹಿಟ್ಟು. ಅದನ್ನು ಕಂಡಕಂಡಲ್ಲಿ ಸುರಿಯುವಂತಿಲ್ಲ, ವಿಷ. ಎಸೆಯಲೂ ಆಗದ, ಇಟ್ಟುಕೊಳ್ಳಲೂ ಆಗದ ಈ ಹಿಟ್ಟು ಲಾರಿಗಳಲ್ಲಿ ಹುಣಸೂರಿಗೆ ಬರುತ್ತದೆ. ಇಲ್ಲಿಯವರು ಅದನ್ನು ಬೂದಿ ಎನ್ನುತ್ತಾರೆ. ಬೂದಿಯನ್ನು ಮೊದಲು ತೊಳೆಯಬೇಕು, ಆಮೇಲೆ ಆಸಿಡ್ಡಿನಲ್ಲಿ ಕರಗಿಸಬೇಕು, ಸೋಸಬೇಕು, ಆ ನೀರನ್ನು ಉದ್ದನೆಯ ತೊಟ್ಟಿಗಳಿಗೆ ಬಿಟ್ಟು ಕರೆಂಟು ಹರಿಸಬೇಕು. ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿನಲ್ಲಿ ಎಲೆ ಕಟ್ಟಿದ ಕಡ್ಡಿಗಳನ್ನು ಇಳಿಬಿಟ್ಟ ಹಾಗೆ ಅಲ್ಲಿ ಸೀಸದ ಹಲಗೆ, ಅಲ್ಯುಮಿನಿಯಂ ಹಲಗೆ, ಮತ್ತೆ ಸೀಸದ್ದು, ಮತ್ತೆ ಅಲ್ಯುಮಿನಿಯಂದು ಎಂದು ಸಾಲಾಗಿ ತೂಗಿಬಿಟ್ಟಿರುತ್ತಾರೆ. ನೀರಿನಲ್ಲಿದ್ದ ಸತು ಬಂದು ಅಲ್ಯುಮಿನಿಯಂ ಮೇಲೆ ಕೂರುತ್ತದೆ. ಒಂದು ದಿನ ಕಳೆದರೆ ಸುಲಿಯುವಷ್ಟು ದಪ್ಪ. ಕರೆಂಟು ಹೋದರೆ ಕೂತ ಸತು ಮತ್ತೆ ನೀರಿಗೇ ಇಳಿಯುತ್ತದೆ. ಸುಲಿದ ಸತು ಕರಗಿ ಗಟ್ಟಿಯಾಗಿ ಮತ್ತೆ ಯಾವುದೋ ಬಕೆಟ್ಟಿಗೆ, ಯಾವುದೋ ಬೇಲಿ ತಂತಿಗೆ ಬಳಿಸಿಕೊಳ್ಳಲು ಹೋಗುತ್ತದೆ. ಅದು ಇನ್ನೊಂದು ದಿನ ಗುಜರಿಯಾಗುತ್ತದೆ. ಪುನರ್ಜನ್ಮವನ್ನು ನಂಬದವರು ಇಲ್ಲಿಗೆ ಬಂದು ನೋಡಬಹುದು.

ಎಲ್ಲ ಕೆಡುವುದು ಉಪ್ಪಿನಿಂದ. ಗುಜರಿಯ ಜತೆ ಸುಟ್ಟ ಪ್ಲಾಸ್ಟಿಕ್ಕು, ಬಣ್ಣ ಇತ್ಯಾದಿಗಳಿಂದ ಬೂದಿಯಲ್ಲಿ ಉಪ್ಪಿನಂಶ ಸೇರಿಕೊಂಡಿರುತ್ತದೆ. ತೊಳೆದು ತೆಗೆಯದಿದ್ದರೆ ಅದು ಅಲ್ಯುಮಿನಿಯಂ ಹಲಗೆಯ ಮೈ ತಿನ್ನುತ್ತದೆ. ಆಗ ಸತು ಹಲಗೆಯನ್ನು ಬಿಡುವುದಿಲ್ಲ.

ಅಂಕಯ್ಯ ಇದನ್ನು ಇನ್ನೂ ಚೆನ್ನಾಗಿ ಹೇಳುತ್ತಾರೆ: “ಉಪ್ಪು ಓಗಿದ್ರೆ ಬಾಳೆಎಲೆ ಸೀಳ್ದಂಗೆ ಬತ್ತದೆ ಕಣ್ರೀ. ಅಂಚಿಗೆ ಉಳಿ ಇಟ್ಟು ಒಂದು ತಟ್ಟಿದ್ರೆ ಸರ್‍ ಅಂತ ಬುಡ್ತದೆ. ಉಪ್ಪು ಉಳ್ಕಂಡಿದ್ರೆ ತಳ ಹಿಡ್ದ ಮುದ್ದೆ ಪಾತ್ರೆ. ಕೆರೀರಿ ಸಾಯೋಗಂಟ.”

ಆ ಉಪ್ಪು ಹೋಯಿತೋ ಇಲ್ಲವೋ ಎಂದು ಹೇಳುತ್ತಿದ್ದವರು ಸರ್ವಮಂಗಳ.

ಮದುವೆಯಾಗಿ ಬಂದ ಮೇಲೆ ಎಷ್ಟೋ ವರ್ಷ ಅವರು ಹೊಗೆಸೊಪ್ಪು ವಿಂಗಡಿಸುವ ಕೂಲಿಗೆ ಹೋದವರು. ಆ ಕೆಲಸ ಇರುವುದು ವರ್ಷದಲ್ಲಿ ಕೆಲವೇ ತಿಂಗಳು. ಕಾರ್ಖಾನೆಯಲ್ಲಿ ವರ್ಷವಿಡೀ ಕೆಲಸವೆಂದು ತಿಳಿದು ಒಂಬತ್ತು ವರ್ಷದ ಹಿಂದೆ ಇಲ್ಲಿ ಸೇರಿಕೊಂಡರು. ಬೂದಿ ಸುರಿಯುವುದು, ಬಿಸಿನೀರು ಬಿಡುವುದು, ಕಲಕುವುದು, ಬಸಿಯುವುದು, ಮತ್ತೆ ನೀರು ಬಿಡುವುದು. ಉಪ್ಪು ನೋಡಲು ಲ್ಯಾಬಿನಿಂದ ಒಂದು ಬಾಟ್ಲಿ ಬರುತ್ತಿತ್ತು. ಬಸಿದ ನೀರಿಗೆ ಅದರಿಂದ ಒಂದು ಹನಿ ಬಿಟ್ಟಾಗ ಹಾಲಿನ ಹಾಗೆ ಬೆಳ್ಳಗಾದರೆ ಉಪ್ಪಿದೆ, ತಿಳಿಯಾಗಿಯೇ ಉಳಿದರೆ ಇಲ್ಲ.

ಒಂದು ಸಲ ಬಾಟ್ಲಿ ಮುಗಿದುಹೋಯಿತು. ಹೊಸದು ಮೈಸೂರಿನಿಂದ ಬರಬೇಕು. ತೊಟ್ಟಿ ತುಂಬಿದೆ, ಹೊರಗೆ ಲಾರಿ ನಿಂತಿದೆ, ಮೇಲ್ವಿಚಾರಕ ತಲೆಯ ಮೇಲೆ ಕೈ ಹೊತ್ತಿದ್ದಾನೆ. ಸರ್ವಮಂಗಳ ಅಂಗೈ ಬಟ್ಟಲು ಮಾಡಿ, ಬಸಿದ ನೀರಿನ ಎರಡು ತೊಟ್ಟು ಬಿಟ್ಟುಕೊಂಡು ನಾಲಿಗೆಗೆ ತಾಗಿಸಿದರು. “ಇನ್ನೊಂದು ನೀರು ಬುಡಿ” ಎಂದರು. ಬಿಟ್ಟರು. ಇನ್ನೊಮ್ಮೆ ನೆಕ್ಕಿ “ಸಾಕು” ಎಂದರು. ಮಾರನೆಯ ದಿನ ಅಂಕಯ್ಯನವರ ಹಾಳೆಗಳು ಸರ್‍ ಎಂದು ಬಿಟ್ಟವು.

“ನಮ್ಮೂರ ಮದ್ವೇಲೆಲ್ಲ ಉಪ್ಪು ನೋಡಾಕೆ ನನ್ನೇ ಕರೀತಿದ್ರು ಕಣ್ರೀ,” ಎನ್ನುತ್ತಾರೆ ಸರ್ವಮಂಗಳ. “ಭಟ್ರು ಸೌಟು ಇಡ್ಕಂಡು ನಿಂತಿರೋರು. ಅಂಗೈಗೆ ಎರಡು ತೊಟ್ಟು ಬುಡೋರು. ನಾನು ಒಂದಿಡಿ ಅಂದ್ರೆ ಒಂದಿಡಿ, ಸಾಕು ಅಂದ್ರೆ ಸಾಕು. ಇಲ್ಲೂ ಅಂಗೇ ಮಾಡ್ದೆ. ಅಲ್ಲಿ ಕೊಪ್ಪರಿಗೆ, ಇಲ್ಲಿ ತೊಟ್ಟಿ.”

ಹೊಸ ಬಾಟ್ಲಿ ಬಂತು. ಯಾರೂ ಅದರ ಮುಚ್ಚಳ ತೆಗೆಯಲಿಲ್ಲ. ಬಾಟ್ಲಿಯಾದರೆ ತರಿಸಬೇಕು, ಅದಕ್ಕಾಗಿ ಕಾಯಬೇಕು. ನಾಲಿಗೆ ದಿನಾ ಬೆಳಿಗ್ಗೆ ತಾನಾಗಿ ವ್ಯಾನಿನಲ್ಲಿ ಬರುತ್ತಿತ್ತು. ಆಗಿನ ಮ್ಯಾನೇಜರು ಕಾರ್ಖಾನೆ ನೋಡಲು ಬಂದವರನ್ನು ತೊಟ್ಟಿಯ ಬಳಿಗೇ ಕರೆತಂದು “ನಮ್ಮ ಲ್ಯಾಬು ಇವರ ಬಾಯಲ್ಲಿದೆ” ಎಂದು ತೋರಿಸುತ್ತಿದ್ದರಂತೆ. ಸರ್ವಮಂಗಳ ನೆಕ್ಕಿ ತೋರಿಸಬೇಕು, ಬಂದವರು ಚಪ್ಪಾಳೆ ತಟ್ಟಬೇಕು. ಬಂದವರಲ್ಲಿ ಇಂಜಿನಿಯರುಗಳಿದ್ದರು, ಒಮ್ಮೆ ಒಬ್ಬ ಡಾಕ್ಟರೂ ಇದ್ದರಂತೆ. ಎಲ್ಲರೂ ತಟ್ಟಿದರು.

ನಾಲಿಗೆ ಅಷ್ಟು ವರ್ಷ ಸರಿಯಾಗಿಯೇ ಹೇಳಿತು. ಆದರೆ ಆ ನೀರಿನಲ್ಲಿ ಉಪ್ಪಿನ ಜತೆ ಬೂದಿಯೊಳಗಿನ ಸೀಸವೂ ಇತ್ತು, ಸೀಸದ ಜತೆ ಅದರ ನೆಂಟರಿಷ್ಟರೂ ಇದ್ದರು. ಉಪ್ಪಿಗೆ ತಾನಿದ್ದೇನೆಂದು ಕೂಗಿ ಹೇಳುವ ಅಭ್ಯಾಸ. ಸೀಸ ಸದ್ದಿಲ್ಲದೆ ಒಳಗೆ ಹೋಗಿ ಕೂರುತ್ತದೆ.

ಹೋದ ವರ್ಷ ಬೇಸಿಗೆಯ ಹೊತ್ತಿಗೆ ಬಾಯಿ ಬೇರೆಯಾಗತೊಡಗಿತು. “ಕಾಸು ಬಾಯೊಳಗೆ ಇಟ್ಕಂಡಂಗೆ” ಎನ್ನುತ್ತಾರೆ. ಹೊಟ್ಟೆ ಹಿಂಡುತ್ತಿತ್ತು. ಗ್ಯಾಸು ಎಂದುಕೊಂಡು ಜೀರಿಗೆ ನೀರು ಕುಡಿದರು. ಆಮೇಲೆ ಎಲ್ಲವೂ ಸಪ್ಪೆಯಾಗುತ್ತ ಬಂತು. ಸಪ್ಪೆ ಎನಿಸಿದಾಗ ಅಡುಗೆ ಬಲ್ಲವರು ಏನು ಮಾಡುತ್ತಾರೋ ಮನೆಯಲ್ಲಿ ಅವರು ಅದನ್ನೇ ಮಾಡಿದರು, ಇನ್ನೊಂದು ಚಿಟಿಕೆ ಹಾಕಿದರು. ತೊಟ್ಟಿಯ ಬಳಿ ಅದರ ತಿರುಗುಮುರುಗು. ನೀರು ಸಪ್ಪೆ ಎನಿಸಿದಾಗ ಉಪ್ಪು ಹೋಯಿತು, “ಸಾಕು” ಎಂದರು. ಸಾಕಾಗಿರಲಿಲ್ಲ.

ಇಷ್ಟು ಹೊತ್ತಿಗೆ ಯಾರಾದರೂ ಒಬ್ಬರು ಬಾಯಿ ಬಿಟ್ಟಿದ್ದರೆ ಈ ಲೇಖನ ಇಲ್ಲಿಗೆ ಮುಗಿಯುತ್ತಿತ್ತು. ಮೊದಲು ಬಿಡಬೇಕಾಗಿದ್ದವರು ಗಂಡ ಮಾದೇವ. ಡೇರಿಯ ಹಾಲಿನ ಟೆಂಪೊ ಓಡಿಸುತ್ತಾರೆ, ಮಾತು ಕಡಿಮೆ.

“ಊರಿಗೇ ಉಪ್ಪು ನೋಡೋಳಿಗೆ ಉಪ್ಪು ಜಾಸ್ತಿ ಆಯ್ತು ಅಂತ ಯಾವ ಬಾಯಲ್ಲಿ ಏಳ್ಳಿ ಸ್ವಾಮಿ? ನನ್ ಬಾಯೇ ಕೆಟ್ಟದೆ ಅಂದ್ಕಂಡೆ. ಪಿರಿಯಾಪಟ್ಣಕ್ಕೋಗಿ ತೋರಿಸ್ದೆ. ಬಿಪಿ ಅದೆ, ಉಪ್ಪು ಕಮ್ಮಿ ತಿನ್ನು ಅಂದ್ರು ಡಾಕ್ಟ್ರು. ಊ ಅಂದು ಬಂದೆ.”

“ಮನೇಲಿ ಹೇಳಿದಿರಾ?”

“ಬಿಪಿ ಇರೋದು ಏಳ್ದೆ. ಉಪ್ಪಿಂದು ಏಳ್ಲಿಲ್ಲ.” ಟೆಂಪೊ ಹತ್ತಿ ಕೂತು, “ಅವತ್ತೇ ಒಂದು ಮಾತಂದಿದ್ರೆ ಆಗೋದು,” ಎಂದು ಬಾಗಿಲು ಹಾಕಿಕೊಳ್ಳುತ್ತಾರೆ.

ಎರಡನೆಯವರು ಅಂಕಯ್ಯ. ಹಾಳೆಗಳು ಹಲಗೆ ಬಿಡದಾದಾಗ ಅವರಿಗೆ ಎರಡೇ ದಿನದಲ್ಲಿ ಗೊತ್ತಾಯಿತು, ತೊಟ್ಟಿಯಲ್ಲಿ ಉಪ್ಪು ಉಳಿಯುತ್ತಿದೆ ಎಂದು. ಅವರು ಸ್ಟೋರಿಗೆ ಹೋಗಿ ದೊಡ್ಡ ಸುತ್ತಿಗೆ ತೆಗೆದುಕೊಂಡರು. ಉಳಿ ಜಾರಿ ಹಲಗೆಗಳು ತೂತಾದವು. ಹಲಗೆ ಹಳೆಯದು ಎಂದರು. ಇನ್ನೊಂದು ವಾರ ಕರೆಂಟು ಸರಿಯಿಲ್ಲ ಎಂದರು. ಮಣಿಕಟ್ಟು ಊದಿತು. ಅದಕ್ಕೆ ಬಟ್ಟೆ ಸುತ್ತಿಕೊಂಡು, ಬಚ್ಚಲಲ್ಲಿ ಜಾರಿದೆ ಎಂದರು.

“ಏಳಿದ್ರೆ ಯಾರ ತಲೆ ಮೇಲೆ ಬೀಳ್ತಿತ್ತು? ತೊಟ್ಟಿಯೋರ ಮೇಲೆ. ತೊಟ್ಟಿಯೋರು ಅಂದ್ರೆ ಯಾರು? ಆ ಎಣ್ಮಗಳು. ಅಷ್ಟು ವರ್ಷ ನನ್ ಕೈಗೆ ನೋವಾಗ್ದಂಗೆ ನೋಡ್ಕಂಡವ್ಳೆ. ನಾನು ನಾಕ್ ದಿನ ಜೋರಾಗಿ ಒಡುದ್ರೆ ಏನ್ ಓಯ್ತದೆ ಅಂದ್ಕಂಡೆ.” ನಾಕು ದಿನ ಎಂದರೆ ಮೂರು ತಿಂಗಳು.

ಮಳೆಗಾಲದಲ್ಲಿ ಲ್ಯಾಬಿಗೆ ಹೊಸದಾಗಿ ರೂಪಶ್ರೀ ಬಂದರು. ಕೆ.ಆರ್. ನಗರದ ಹುಡುಗಿ, ಎಂ.ಎಸ್ಸಿ. ಮುಗಿಸಿ ಇದೇ ಮೊದಲ ಕೆಲಸ. ಇಷ್ಟೊಂದು ಹಲಗೆ ಯಾಕೆ ತೂತಾಗುತ್ತಿವೆ ಎಂದು ಹುಡುಕುತ್ತ ಒಂದು ದಿನ ಬೆಳಿಗ್ಗೆ ತೊಟ್ಟಿಯ ಬಳಿಗೆ ಹೋದರು.

“ಅಕ್ಕ, ಏನು ಮಾಡ್ತಿದ್ದೀರ ಅಂತ ಕೇಳ್ದೆ. ಉಪ್ಪು ನೋಡ್ತಿದ್ದೀನಿ ಕಣವ್ವ ಅಂದ್ರು. ತಮಾಷೆ ಅಂದ್ಕೊಂಡು ನಕ್ಕುಬಿಟ್ಟೆ. ನನ್ನೆದುರಿಗೇ ಇನ್ನೊಂದು ಸಲ ನೆಕ್ಕಿದ್ರು,” ಎನ್ನುತ್ತಾರೆ ರೂಪಶ್ರೀ. ಆ ನಗು ಈಗಲೂ ಅವರನ್ನು ಕಾಡುತ್ತದೆ.

ಅವರು ಲ್ಯಾಬಿಗೆ ಓಡಿ, ಧೂಳು ಹಿಡಿದ ಬಾಟ್ಲಿ ತಂದು, ಅದೇ ನೀರಿಗೆ ಒಂದು ಹನಿ ಬಿಟ್ಟರು. ಹಾಲು.

“ಬಾಟ್ಲಿ ಹಳೇದಿರ್ಬೇಕು,” ಎಂದರು ಸರ್ವಮಂಗಳ.

ಹೊಸ ಬಾಟ್ಲಿಯ ಸೀಲು ಒಡೆದು ಇನ್ನೊಂದು ಹನಿ ಬಿಟ್ಟರು. ಮತ್ತೆ ಹಾಲು.

ಸರ್ವಮಂಗಳ ತಿರುಗಿ ನೋಡಿದರು. ಆ ವಾರ ರಾತ್ರಿ ಪಾಳಿಯಲ್ಲಿದ್ದ ಅಂಕಯ್ಯ ಕೆಲಸ ಮುಗಿಸಿ ಅಲ್ಲೇ ನಿಂತಿದ್ದರು. “ಅಂಕಣ್ಣ, ನೀನೇಳು. ನಿನ್ನೆ ಆಳೆ ಬುಡ್ತಾ ಇಲ್ವಾ?”

“ಬುಡ್ತು ಬುಡು. ಚೆನ್ನಾಗೇ ಬುಡ್ತು.”

ಸರ್ವಮಂಗಳ ಅಂಕಯ್ಯನವರ ಮುಖ ನೋಡಲಿಲ್ಲ, ಕೈಯಲ್ಲಿದ್ದ ಸುತ್ತಿಗೆ ನೋಡಿದರು. ಆಮೇಲೆ ಮಣಿಕಟ್ಟಿಗೆ ಸುತ್ತಿದ್ದ ಬಟ್ಟೆ ನೋಡಿದರು. ಕಲಕುವ ಕೋಲನ್ನು ತೊಟ್ಟಿಗೆ ಒರಗಿಸಿಟ್ಟು ಕೈ ತೊಳೆದುಕೊಳ್ಳಲು ಹೋದರು. ಆ ಕೋಲನ್ನು ಅವರು ಮತ್ತೆ ಹಿಡಿದಿಲ್ಲ.

ರಕ್ತ ಪರೀಕ್ಷೆಯಾಯಿತು. ಇರಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಸೀಸ. ತೊಟ್ಟಿಯ ಉಳಿದವರ ರಕ್ತವನ್ನೂ ನೋಡಿದರು, ಅವರದು ಅಷ್ಟಿರಲಿಲ್ಲ. ಅವರು ಯಾರೂ ನೆಕ್ಕಿರಲಿಲ್ಲ. ಈಗಿನ ಮ್ಯಾನೇಜರು ಮಾಸ್ಕು, ಗ್ಲೌಸು ತರಿಸಿದರು. ಕೈ ತೊಳೆಯದೆ ಊಟಕ್ಕೆ ಕೂರಬಾರದು ಎಂದು ಬೋರ್ಡು ಬರೆಸಿದರು. ತೊಟ್ಟಿಯ ಪಕ್ಕಕ್ಕೆ ಒಂದು ಮೀಟರು ತಂದು ಕೂರಿಸಿದರು. ಬಿಳಿಯ ಪೆಟ್ಟಿಗೆ, ಅದರಲ್ಲಿ ಕೆಂಪು ಅಂಕಿ. ಚಪ್ಪಾಳೆ ಹೊಡೆಸಿದ ಹಳೆಯ ಮ್ಯಾನೇಜರು ಅಷ್ಟರಲ್ಲಿ ಬೇರೆ ಕಡೆ ಇದಕ್ಕಿಂತ ದೊಡ್ಡ ಕೆಲಸಕ್ಕೆ ಹೋಗಿದ್ದರು.

ಸರ್ವಮಂಗಳ ಅವರಿಗೆ ಮಾತ್ರೆ ಕೊಟ್ಟರು, ಕಟ್ಟು ಕಟ್ಟುವ ಶೆಡ್ಡಿಗೆ ಹಾಕಿದರು. ಮೂರು ತಿಂಗಳಿಗೊಮ್ಮೆ ರಕ್ತ ನೋಡುವುದು, ಡಾಕ್ಟರು ಹಾಕಿದ ಗೆರೆಗಿಂತ ಸೀಸ ಕೆಳಗಿಳಿದರೆ ಮತ್ತೆ ತೊಟ್ಟಿಗೆ ಕಳಿಸುವುದು ಎಂದಾಯಿತು. ನೆಕ್ಕಲು ಅಲ್ಲ, ನೀರು ಬಿಡಲು, ಕಲಕಲು.

ಮೈ ಮುರಿಯುವ ಆ ಬಿಸಿನೀರಿನ ಕೆಲಸಕ್ಕೆ ಯಾಕೆ ಇಷ್ಟು ಆಸೆ ಎಂದು ಕೇಳಿದಾಗ ಅವರು ಕಟ್ಟಿನ ಪಟ್ಟಿ ಬಿಗಿಯುವುದನ್ನು ನಿಲ್ಲಿಸುತ್ತಾರೆ.

“ಈ ಕಟ್ಟು ಯಾರು ಕಟ್ಟಿದ್ರೂ ಕಟ್ಟೇ ಕಣ್ರೀ. ಅಲ್ಲಿ ನಾನು ಸಾಕು ಅನ್ನೋಗಂಟ ನೀರು ನಿಲ್ತಿರ್ಲಿಲ್ಲ. ಮೀಟ್ರು ಅಲ್ಲೇ ಇರ್ಲಿ, ಬ್ಯಾಡ ಅನ್ನಲ್ಲ. ಅದು ಸಾಕು ಅಂದ್ಮೇಲೆ ನಲ್ಲಿ ತಿರುವಾಕಾದ್ರೂ ಒಬ್ರು ಬೇಕಲ್ಲ. ಅಷ್ಟು ಕೊಟ್ರೆ ಸಾಕು. ಅಂಕಣ್ಣನ ಆಳೆ ಸರ್‍ ಅನ್ನೋದ ಅಲ್ಲಿಂದ ಕೇಳಿಸ್ಕಬೋದು.”

ಇನ್ನು ಸೋಮವಾರದ ಉಪ್ಸಾರು. ನಾಲಿಗೆ ಹೋಗಿದೆ ಎಂದು ಈಗ ಬೇವಿನ ಮರದ ಕೆಳಗಿನ ಐವರಿಗೂ ಗೊತ್ತು. ಆಗ ಹೇಳದಿದ್ದುದರಿಂದ ಏನಾಯಿತು ಎಂಬುದೂ ಗೊತ್ತು. ಆದರೂ ಯಾರೂ ಹೇಳುವುದಿಲ್ಲ. ಆಗ ಹೇಳಿದ್ದರೆ ಎಚ್ಚರಿಸಿದ ಹಾಗಾಗುತ್ತಿತ್ತು, ಈಗ ಹೇಳಿದರೆ ನೆನಪಿಸಿದ ಹಾಗಾಗುತ್ತದೆ ಎಂಬುದು ಅವರ ಲೆಕ್ಕ. ಹೀಗಾಗಿ ತಪ್ಪು ತಿದ್ದಿಕೊಳ್ಳಲೆಂದು ಅವರು ಅದೇ ತಪ್ಪನ್ನು ದಿನಾ ಮುದ್ದೆಯ ಜತೆ ನುಂಗುತ್ತಿದ್ದಾರೆ. ಮಾದೇವ ಮನೆಯಲ್ಲಿ, ಇವರು ಇಲ್ಲಿ.

ಊಟವಾದ ಮೇಲೆ ನಲ್ಲಿಯ ಹತ್ತಿರ ಡಬ್ಬಿ ತೊಳೆಯುತ್ತ ಸರ್ವಮಂಗಳ ತಾವೇ ಮಾತು ತೆಗೆಯುತ್ತಾರೆ.

“ಉಪ್ಪು ಜಾಸ್ತಿಯಾಗಿತ್ತು, ಅಲ್ವಾ?”

ಉತ್ತರಕ್ಕೆ ಅವರು ಕಾಯುವುದಿಲ್ಲ. “ಸುಳ್ಳೇಳಾಕೋಗ್ಬೇಡಿ, ನಿಮ್ಗೂ ಅಭ್ಯಾಸ ಆಗ್ಬುಡ್ತದೆ. ಅಂಕಣ್ಣ ಚೊಂಬು ಬರಿದು ಮಾಡಿ ಇನ್ನೊಂದು ತರಿಸ್ದ. ನಂಗೆ ಕಾಣ್ತದೆ ಕಣ್ರೀ. ಅವ್ರು ಎಷ್ಟು ನೀರು ಕುಡೀತಾರೆ ನೋಡ್ತೀನಿ. ಅದೇ ಈಗ ನನ್ ನಾಲ್ಗೆ.”

“ಮತ್ತೆ ಕಡಿಮೆ ಹಾಕಬಹುದಲ್ಲ?”

“ಎಷ್ಟು ಕಮ್ಮಿ ಅಂತ ಆಕ್ಲಿ? ಅಳತೆ ಚಮಚ ಇಟ್ಕಂಡು ಅಡ್ಗೆ ಮಾಡಾಕೆ ನಾನೇನು ನಿನ್ನೆ ಒಲೆ ಅಚ್ಚಿದೋಳಾ? ಅವ್ರು ಒಬ್ರಾದ್ರೂ ಬಾಯಿ ಬುಟ್ಟು ಬೈಲಿ ಅಂತ ನೋಡ್ತಾವ್ನಿ. ಬೈಯಲ್ಲ ಅಂತವೆ.” ಡಬ್ಬಿಯ ಮುಚ್ಚಳ ಒತ್ತಿ ಹಾಕುತ್ತಾರೆ. “ಮದ್ವೆ ಮನೇಲಿ ಉಪ್ಪು ಮುಂದಾಗಿದ್ರೆ ನಾನು ಭಟ್ರಿಗೇ ಬೈತಿದ್ದೆ. ನಂಗೆ ಬೈಯೋರೇ ಇಲ್ಲ ನೋಡಿ.”

ಮೂರನೆಯ ಸಲದ ರಕ್ತದ ಫಲಿತಾಂಶ ಗುರುವಾರ ಬರುವುದಿತ್ತು. ಗುರುವಾರ ಬೆಳಿಗ್ಗೆಯಿಂದ ಸರ್ವಮಂಗಳ ಕಟ್ಟಿನ ಅಂಚನ್ನು ಎರಡೆರಡು ಸಲ ಕೂಡಿಸುತ್ತಾರೆ. ಅಂಕಯ್ಯ ಕಾರಣವಿಲ್ಲದೆ ಶೆಡ್ಡಿನ ಮುಂದೆ ಸುಳಿಯುತ್ತಾರೆ.

“ಬೆಳಿಗ್ಗಿಂದ ಎಷ್ಟು ಸಲ ಬತ್ತೀಯಣ್ಣ? ನಿನ್ನ ಅಲಗೆಗಳು ಬೇರೆ ಮದ್ವೆ ಮಾಡ್ಕತವೆ.”

“ಬತ್ತಿರೋದು ನಿನ್ ನೋಡಾಕಲ್ಲ. ನೆರಳಿಗೆ.”

“ಈ ತಗಡಿನ ಕೆಳಗೆ ಎಲ್ಲಿದ್ದಾತು ನೆರಳು!”

ಹನ್ನೊಂದರ ಹೊತ್ತಿಗೆ ರೂಪಶ್ರೀ ಲ್ಯಾಬಿನಿಂದ ಇಳಿದು ಬರುತ್ತಾರೆ. ಅಂಗಳ ದಾಟುವಾಗಲೇ ಅವರ ನಡಿಗೆ ನಿಧಾನ.

“ಅಕ್ಕ, ಇಳಿದಿದೆ. ಚೆನ್ನಾಗಿ ಇಳಿದಿದೆ. ಆದ್ರೆ…”

“ಆದ್ರೆ ಅಂದ್ಮೇಲೆ ಗೊತ್ತಾಯ್ತು ಬುಡವ್ವ.”

“ಡಾಕ್ಟ್ರು ಹೇಳಿದ್ರು, ಇಷ್ಟು ವರ್ಷ ಮೂಳೆಯೊಳಗೆ ಕೂತದ್ದು ನಿಧಾನಕ್ಕೆ ಹೊರಗೆ ಬರ್ತಾ ಇರತ್ತಂತೆ. ಬೂದಿ ಹತ್ರ ಇನ್ನು ಯಾವತ್ತೂ ಬೇಡ ಅಂದ್ರು.”

“ಯಾವತ್ತೂವಾ?”

“ಹೂಂ ಅಕ್ಕ.”

“ನಾಲ್ಗೆ?”

ರೂಪಶ್ರೀ ತಲೆ ತಗ್ಗಿಸುತ್ತಾರೆ. ಅಂಕಯ್ಯ ಸುತ್ತಿಗೆಯನ್ನು ಈ ಕೈಯಿಂದ ಆ ಕೈಗೆ ಬದಲಿಸುತ್ತಾರೆ.

“ಏನಾರ ಅನ್ನಣ್ಣ,” ಎನ್ನುತ್ತಾರೆ ಸರ್ವಮಂಗಳ.

ಅಂಕಯ್ಯ ತೊಟ್ಟಿಯ ಕಡೆ ತಿರುಗುತ್ತಾರೆ. “ಸೋಮವಾರ ಉಪ್ಸಾರಿಗೆ ಉಪ್ಪು ಜಾಸ್ತಿ ಆಗಿತ್ತು ಕಣವ್ವ,” ಎನ್ನುತ್ತಾರೆ. “ಬಾಯಿಗಿಡಾಕೆ ಆಗ್ತಿರ್ಲಿಲ್ಲ.”

“ಈಗ ಏಳ್ತೀಯ ನೋಡು,” ಎಂದು ಸರ್ವಮಂಗಳ ಮುಂದಿನ ಕಟ್ಟಿಗೆ ಕೈ ಹಾಕುತ್ತಾರೆ.

ಶುಕ್ರವಾರ ಮತ್ತೆ ಉಪ್ಸಾರು, ಈ ಸಲ ಹುರುಳಿಕಾಳಿನದು. ಉಪ್ಸಾರಿನ ಜತೆ ಖಾರವನ್ನು ಬೇರೆಯಾಗಿ ಇಡುವುದು ಈ ಕಡೆಯ ಪದ್ಧತಿ. ಅವತ್ತು ಖಾರದ ಬಟ್ಟಲಿನ ಪಕ್ಕದಲ್ಲಿ ಉಪ್ಪಿನ ಪೊಟ್ಟಣವೂ ಇತ್ತು. ಸಾರಿಗೆ ಉಪ್ಪು ಹಾಕಿರಲಿಲ್ಲ. ಐವರೂ ತಮತಮಗೆ ಬೇಕಾದಷ್ಟು ಹಾಕಿಕೊಂಡರು. ಸರ್ವಮಂಗಳ ಹಾಕಿಕೊಳ್ಳದೆ ಉಂಡರು.